ಕೇಳಿ ಹೋಗಬೇಕೇ, ಹೇಳಿ ಹೋದರೆ ಸಾಕೇ?

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದೊಂದು ಕೃಷಿ ಸಾಮಗ್ರಿ ಅಂಗಡಿ ಇದೆ. ಹಿಂದುಗಡೆ ಅಡಿಕೆ, ಕರಿಮೆಣಸು ಖರೀದಿಯ ಗೋದಾಮು. ಒಟ್ಟು 14 ಮಂದಿ ಕೆಲಸಕ್ಕಿದ್ದಾರೆ. ಬೆಳಿಗ್ಗೆ 9ರಿಂದ ಸಂಜೆ 6, ನಡುವೆ ಒಂದು ಗಂಟೆ ಊಟದ ಬಿಡುವು. ಇತ್ತೀಚೆಗೆ ನಾಲ್ಕೈದು ಮಂದಿ ಐದಕ್ಕೋ ಐದೂಕಾಲಕ್ಕೋ ಹೊರಟುಬಿಡುತ್ತಾರೆ. ಕೆಲವರು "ಅಣ್ಣಾ, ನಾನು ಹೊರಟೆ" ಅನ್ನುತ್ತಾರೆ, ಕೆಲವರು ಅದೂ ಇಲ್ಲ. ಹಾಗಾಗಿ "ಅನುಮತಿಯಿಲ್ಲದೆ ಯಾರೂ ಬೇಗ ಹೋಗಬಾರದು" ಎಂದು ಬೋರ್ಡ್ ಹಾಕಿದೆ. ಲೆಕ್ಕ ಬರೆಯುವವರು ತಿಂಗಳಿಗೆ 18,000 ರೂಪಾಯಿ ಸಂಬಳದವರು. ಕಳೆದ ತಿಂಗಳು ಒಂದು ದಿನ 45 ನಿಮಿಷ ಮೊದಲು ಹೋದರೆಂದು ಅರ್ಧ ದಿನದ ಸಂಬಳ ಹಿಡಿದೆ. "ನನ್ನ ಕೆಲಸ ಮುಗಿದ ಮೇಲೂ ಕುರ್ಚಿ ಕಾಯಬೇಕಾ? ಮಗುವಿನ ವಿಷಯವನ್ನೂ ಎಲ್ಲರೆದುರು ಹೇಳಿ ಕೇಳಬೇಕಾ?" ಎಂದು ಬೇಸರ ಮಾಡಿಕೊಂಡಿದ್ದಾರೆ. ನಾನು ಮಾಡಿದ್ದು ಸರಿಯೇ? ಎಲ್ಲರೂ ಕೇಳಿಯೇ ಹೋಗಬೇಕೆಂಬ ನಿಯಮ ಬೇಕೇ?

ಉತ್ತರ: ಮೊದಲು ನೇರ ಮಾತು. ಅರ್ಧ ದಿನದ ಸಂಬಳ ಹಿಡಿದದ್ದು ತಪ್ಪು. ಹೆಚ್ಚಾಗಿ ಹಿಡಿದಷ್ಟನ್ನು ಅವರಿಗೆ ವಾಪಸು ಕೊಡಬೇಕು. ಎಷ್ಟೆಂಬ ಲೆಕ್ಕ ಮುಂದೆ ಇದೆ. ಬೋರ್ಡ್ ಹಾಕಿದ್ದು ಅರ್ಧ ಸರಿ. ನಿಮ್ಮ 14 ಮಂದಿಯಲ್ಲಿ ಕೆಲವರು ಕೇಳಿಯೇ ಹೋಗಬೇಕು, ಉಳಿದವರು ಹೇಳಿ ಹೋದರೆ ಸಾಕು, ಹೇಳದೆ ಮಾತ್ರ ಯಾರೂ ಹೋಗಬಾರದು. ಈ ಮೂರನ್ನೂ ಒಂದೇ ಸಾಲಿನಲ್ಲಿ ಕಲಸಿ ಬೋರ್ಡ್ ಬರೆದದ್ದರಿಂದ, ಕೇಳಬೇಕಾದವರು ಕೇಳುತ್ತಿಲ್ಲ, ಕೇಳಬೇಕಾಗಿಲ್ಲದವರು ನೊಂದುಕೊಳ್ಳುತ್ತಿದ್ದಾರೆ.

ಯಾರು ಕೇಳಬೇಕು ಎಂಬುದನ್ನು ಸಂಬಳ ನೋಡಿ, ಎಷ್ಟು ವರ್ಷದಿಂದ ಇದ್ದಾರೆಂದು ನೋಡಿ ತೀರ್ಮಾನಿಸಬೇಡಿ. ಕೆಲಸದ ಗುಣ ನೋಡಿ. ಅಂಗಡಿಯ ಕೆಲಸದಲ್ಲಿ ಎರಡು ಬಗೆ: ಕಾಯುವ ಕೆಲಸ ಮತ್ತು ಮುಗಿಯುವ ಕೆಲಸ. ಕ್ಯಾಷ್ ಕೌಂಟರ್ ಕಾಯುವ ಕೆಲಸ. ಸಂಜೆ ಐದೂವರೆಗೆ ಗಿರಾಕಿ ಬರಲಿ ಬಾರದಿರಲಿ, ಅಲ್ಲಿ ಒಬ್ಬರು ಇರಲೇಬೇಕು. ಅಡಿಕೆ ತೂಕ ಮಾಡುವಲ್ಲಿ ನಿಲ್ಲುವವರದ್ದು, ಗೋದಾಮಿನ ಕೀಲಿ ಇಟ್ಟುಕೊಂಡವರದ್ದು, ಬೆಳೆಗೆ ಹೊಡೆಯುವ ಔಷಧ ಮಾರುವ ಕೌಂಟರಿನವರದ್ದು ಅದೇ ಬಗೆ. ಔಷಧದ ಕೌಂಟರನ್ನು ಬೇರೆಯಾಗಿಯೇ ಎಣಿಸಿ. ಆಟಿ ತಿಂಗಳ ಮಳೆಗೆ ಅಡಿಕೆಯ ಕೊಳೆರೋಗ ಹೆದರಿಸುವ ಹೊತ್ತಿನಲ್ಲಿ ತೋಟದ ಕೆಲಸ ಮುಗಿಸಿ ಕೃಷಿಕರು ಬರುವುದೇ ಸಂಜೆ. ಆ ರೋಗಕ್ಕೆ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂದು ತಿಳಿದು ಹೇಳುವವರು ಆ ಹೊತ್ತಿಗೆ ಮನೆಗೆ ಹೋಗಿದ್ದರೆ, ಅಲ್ಲಿರುವ ಹುಡುಗ ಬಾಯಿಗೆ ಬಂದ ಅಳತೆ ಹೇಳುತ್ತಾನೆ. ಆ ನಷ್ಟ ಅಂಗಡಿಯಲ್ಲಿ ಕಾಣುವುದಿಲ್ಲ, ಗಿರಾಕಿಯ ತೋಟದಲ್ಲಿ ಕಾಣುತ್ತದೆ.

ಮುಗಿಯುವ ಕೆಲಸ ಹಾಗಲ್ಲ. ದಿನದ ಲೆಕ್ಕ ಬರೆಯುವುದು, ಬಿಲ್ಲು ಏರಿಸುವುದು, ಪಟೋರ, ಉಳ್ಳಿ, ಕರಿಗೋಟು ಎಂದು ಅಡಿಕೆಯ ದರ್ಜೆ ಬೇರೆ ಬೇರೆ ಮಾಡುವುದು, ಗೋಣಿ ಹೊಲಿಯುವುದು. ಇವರು ಮುಕ್ಕಾಲು ಗಂಟೆ ಮೊದಲು ಎದ್ದರೆ ಯಾವ ಗಿರಾಕಿಯೂ ನಿಂತು ಕಾಯುವುದಿಲ್ಲ, ಪಕ್ಕದವರ ತಲೆಗೆ ಹೊರೆಯೂ ಬೀಳುವುದಿಲ್ಲ. ನಿಮ್ಮಲ್ಲಿ ಕಾಯುವ ಕೆಲಸದವರು ಹೆಚ್ಚೆಂದರೆ ಐದಾರು ಮಂದಿ ಇರಬಹುದು. ಅವರು ಕೇಳಿ ಹೋಗಲಿ, ಉಳಿದವರು ಹೇಳಿ ಹೋಗಲಿ. ಒಬ್ಬರೇ ಎರಡೂ ಬಗೆಯ ಕೆಲಸ ಮಾಡುವುದುಂಟು. ಲೆಕ್ಕದವರೇ ಐದರ ಮೇಲೆ ಕ್ಯಾಷಿಗೆ ಕೂರುವ ದಿನ ಅವರು ಕಾಯುವ ಕೆಲಸದವರು. ಹಾಗಾಗಿ ಪಟ್ಟಿಯನ್ನು ಹೆಸರಿನ ಮೇಲೆ ಮಾಡದೆ ಜಾಗದ ಮೇಲೆ ಮಾಡಿ.

"ಹಾಗಾದರೆ ನನ್ನ ಅಧಿಕಾರ ಏನಾಯಿತು" ಎಂದು ನಿಮಗೆ ಅನ್ನಿಸಬಹುದು. ಅದು ಎಲ್ಲಿಗೂ ಹೋಗಿಲ್ಲ. ತಿಂಗಳ ಸಂಬಳ ಗೊತ್ತಾದ ಹೊತ್ತಿಗೆ ಕೊಡುವಂಥದ್ದು. ಕೆಲಸ ಮುಗಿಯಿತೆಂದು ಉಳಿದ ಹೊತ್ತನ್ನು ನೌಕರರು ತಾವಾಗಿಯೇ ತಮ್ಮದೆಂದು ತೆಗೆದುಕೊಳ್ಳಲು ಬರುವುದಿಲ್ಲ, ಮಾಲೀಕ ಬಿಟ್ಟುಕೊಡಬಹುದು. "ಇಂಥ ಜಾಗದವರು ತಿಂಗಳಿಗೆ ಇಷ್ಟು ನಿಮಿಷ ಹೇಳಿ ಹೋಗಬಹುದು" ಎಂದು ಬರೆದು ಹಾಕಿದರೆ ಅದು ನೀವು ಮೊದಲೇ ಕೊಟ್ಟಿಟ್ಟ ಅನುಮತಿ. ದಿನಾ ಕೇಳುವ ದೈನ್ಯ ಅವರಿಗೆ ತಪ್ಪುತ್ತದೆ, ದಿನಾ ತೀರ್ಪು ಕೊಡುವ ತಲೆನೋವು ನಿಮಗೆ ತಪ್ಪುತ್ತದೆ.

ಎಷ್ಟು ನಿಮಿಷ? ಕೇರಳದ ಸರ್ಕಾರಿ ಕಚೇರಿಗಳಲ್ಲಿ ಪಂಚಿಂಗ್ (ಯಂತ್ರದಲ್ಲಿ ಹಾಜರಿ ಹಾಕುವ ಕ್ರಮ) ಬಂದ ಮೇಲೆ ತಿಂಗಳಿಗೆ 300 ನಿಮಿಷದ ರಿಯಾಯಿತಿ ಇಟ್ಟಿದ್ದಾರೆ. ತಡವಾಗಿ ಬಂದದ್ದು, ಬೇಗ ಹೋದದ್ದು ಎರಡೂ ಅದರಲ್ಲೇ ಕಳೆಯುತ್ತದೆ. 14 ಮಂದಿಯ ಅಂಗಡಿಗೆ ಅಷ್ಟು ಭಾರವಾದೀತು. 120 ನಿಮಿಷದಿಂದ ಶುರು ಮಾಡಿ. ಒಂದು ದಿನಕ್ಕೆ 60 ನಿಮಿಷ ಮೀರಬಾರದು, ಉಳಿದದ್ದು ಮುಂದಿನ ತಿಂಗಳಿಗೆ ಸೇರಬಾರದು. ಎಲ್ಲ 14 ಮಂದಿಯೂ ಪೂರ್ತಿ ಬಳಸಿದರೆ ತಿಂಗಳಿಗೆ 28 ಗಂಟೆ. ಎಲ್ಲರಿಗೂ 18,000 ಸಂಬಳ ಎಂದೇ ಹಿಡಿದರೂ ಅದರ ಬೆಲೆ ಸುಮಾರು 2,423 ರೂಪಾಯಿ. ಗುರುತಿನ, ನಂಬಿಕೆಯ ಒಬ್ಬ ಕ್ಯಾಷಿಯರ್ ಬಿಟ್ಟುಹೋದರೆ ಹೊಸಬರಿಗೆ ಕಲಿಸುವ ತಿಂಗಳುಗಳಲ್ಲಿ ಆಗುವ ನಷ್ಟ ಇದಕ್ಕಿಂತ ಎಷ್ಟೋ ಹೆಚ್ಚು.

ಈಗ ಸಂಬಳ ಕಡಿತದ ಲೆಕ್ಕಕ್ಕೆ ಬರೋಣ. ಹೆಚ್ಚಿನ ಅಂಗಡಿಗಳು ಎಡವುವುದು ಇಲ್ಲೇ.

ಕೆಲಸಕ್ಕೆ ಇಲ್ಲದ ಹೊತ್ತಿಗೆ ಸಂಬಳ ಹಿಡಿಯಬಹುದು, ಆದರೆ ಇಲ್ಲದಿದ್ದ ಹೊತ್ತಿಗೆ ತಕ್ಕಷ್ಟು ಮಾತ್ರ. 1936ರ ವೇತನ ಪಾವತಿ ಕಾಯ್ದೆಯ 9ನೇ ಸೆಕ್ಷನ್ ಹೇಳಿದ್ದು ಇದನ್ನೇ. 2025ರ ನವೆಂಬರ್ 21ರಿಂದ ಜಾರಿಗೆ ತಂದ 2019ರ ವೇತನ ಸಂಹಿತೆಯ 20ನೇ ಸೆಕ್ಷನ್ ಹೇಳುವುದೂ ಇದನ್ನೇ. ತಿಂಗಳಿಗೆ 26 ಕೆಲಸದ ದಿನ, ದಿನಕ್ಕೆ 8 ಗಂಟೆ, ಒಟ್ಟು 208 ಗಂಟೆ. 18,000ವನ್ನು 208ರಿಂದ ಭಾಗಿಸಿದರೆ ಗಂಟೆಗೆ 86 ರೂಪಾಯಿ 54 ಪೈಸೆ. 45 ನಿಮಿಷಕ್ಕೆ 64 ರೂಪಾಯಿ 90 ಪೈಸೆ. ನೀವು ಹಿಡಿದ ಅರ್ಧ ದಿನದ ಸಂಬಳ 346 ರೂಪಾಯಿ 15 ಪೈಸೆ. ಹೆಚ್ಚಾಗಿ ಹಿಡಿದದ್ದು 281 ರೂಪಾಯಿ 25 ಪೈಸೆ. ಭಾನುವಾರ ಐದು ಬರುವ ತಿಂಗಳಲ್ಲಿ, ಹಬ್ಬದ ರಜೆ ಇರುವ ತಿಂಗಳಲ್ಲಿ ಕೆಲಸದ ದಿನಗಳು ಬದಲಾಗುತ್ತವೆ, ಆಯಾ ತಿಂಗಳ ದಿನ ಎಣಿಸಿಯೇ ಭಾಗಿಸಿ. ಕೆಲವರು 30ರಿಂದ ಭಾಗಿಸುತ್ತಾರೆ. ಆಗ ಗಂಟೆಗೆ 75 ರೂಪಾಯಿ ಬರುತ್ತದೆ, ಹಿಡಿಯುವ ಮೊತ್ತ ಇನ್ನೂ ಕಡಿಮೆಯಾಗುತ್ತದೆ. ನೌಕರರಿಗೆ ಅನುಕೂಲವೇ ಆಗುವುದರಿಂದ ಅದರಲ್ಲಿ ತೊಂದರೆಯಿಲ್ಲ. ಆದರೆ ಹಿಡಿಯುವಾಗ 26, ಓಟಿ (ಹೆಚ್ಚುವರಿ ಹೊತ್ತಿನ ಕೂಲಿ) ಕೊಡುವಾಗ 30 ಎಂದು ಎರಡು ಲೆಕ್ಕ ಇಡಬೇಡಿ. ಲೇಬರ್ ಆಫೀಸಿನ ತನಿಖೆಯಲ್ಲಿ ಮೊದಲು ಸಿಕ್ಕಿಬೀಳುವುದು ಅದೇ.

"ಹೆಚ್ಚು ಹಿಡಿದದ್ದು ದಂಡ ಎಂದು ಇರಲಿ" ಎಂದರೆ ಅದೂ ನಡೆಯುವುದಿಲ್ಲ. ದಂಡಕ್ಕೆ ಬೇರೆಯೇ ದಾರಿ ಇದೆ. ಯಾವ ತಪ್ಪಿಗೆ ದಂಡ ಎಂಬ ಪಟ್ಟಿಗೆ ಮೊದಲು ಸರ್ಕಾರದ ಒಪ್ಪಿಗೆ ಬೇಕು, ಆ ಪಟ್ಟಿಯನ್ನು ಕಾಣುವಲ್ಲಿ ಹಾಕಿರಬೇಕು, ದಂಡ ಹಾಕುವ ಮೊದಲು ನೌಕರರ ಮಾತು ಕೇಳಬೇಕು, ಮೊತ್ತ ಆ ಅವಧಿಯ ಸಂಬಳದ ಶೇಕಡಾ 3 ಮೀರಬಾರದು, 90 ದಿನ ಕಳೆದ ಮೇಲೆ ಹಿಡಿಯುವಂತಿಲ್ಲ. 18,000ಕ್ಕೆ ಶೇಕಡಾ 3 ಎಂದರೆ 540 ರೂಪಾಯಿ. ನಿಮ್ಮ 281 ರೂಪಾಯಿ ಅದರ ಒಳಗೇ ಬಂದರೂ ಹಿಂದಿನ ಯಾವ ಮೆಟ್ಟಿಲನ್ನೂ ನೀವು ಹತ್ತಿಲ್ಲ. ಸಣ್ಣ ಅಂಗಡಿಗೆ ದಂಡದ ದಾರಿ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಅದರಿಂದ ಸಿಗುವುದು ನೂರಿನ್ನೂರು ರೂಪಾಯಿ, ಕೆಡುವುದು ಇಡೀ ವರ್ಷದ ಮುಖನೋಟ.

ಸಂಬಳದ ಬದಲು ಅರ್ಧ ದಿನದ ಸಿ.ಎಲ್. (ಸಾಂದರ್ಭಿಕ ರಜೆ) ಕಳೆಯುವ ರೂಢಿ ಇದೆ. ನೌಕರರೇ ಬರೆದುಕೊಟ್ಟರೆ ಸರಿ. ಅವರನ್ನು ಕೇಳದೆ 45 ನಿಮಿಷಕ್ಕೆ ಅರ್ಧ ದಿನ ರಜೆ ಕಳೆದರೆ ಅದೇ ಅನ್ಯಾಯ ಬೇರೆ ಪುಸ್ತಕಕ್ಕೆ ಹೋದಂತಾಯಿತು.

ಬೇಗ ಹೋದ ನಿಮಿಷ ಎಣಿಸುವವರು ತಡವಾಗಿ ನಿಂತ ನಿಮಿಷವನ್ನೂ ಎಣಿಸಬೇಕು. ಸೋಮವಾರ ಲಾರಿ ತಡವಾಗಿ ಬಂತೆಂದು ಗೋದಾಮಿನವರು ಏಳರವರೆಗೆ ನಿಂತರು, ಗುರುವಾರ ಐದಕ್ಕೆ ಹೋದರು. "ಅಲ್ಲಿಗಲ್ಲಿಗೆ ಸರಿಯಾಯಿತು" ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಸರಿಯಾಗಲಿಲ್ಲ. 1960ರ ಕೇರಳ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಂತೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ಅದರ ಮೇಲಿನದ್ದಕ್ಕೆ ಎರಡು ಪಟ್ಟು ಕೂಲಿ. 18,000ದವರಿಗೆ ಸೋಮವಾರದ ಒಂದು ಗಂಟೆಗೆ 173 ರೂಪಾಯಿ 8 ಪೈಸೆ ಬರಬೇಕು, ಗುರುವಾರದ ಒಂದು ಗಂಟೆಗೆ 86 ರೂಪಾಯಿ 54 ಪೈಸೆ ಹಿಡಿಯಬಹುದು. ಇನ್ನೂ 86 ರೂಪಾಯಿ 54 ಪೈಸೆ ನೀವೇ ಕೊಡಬೇಕು. ಓಟಿ ಸೇರಿ ಒಂದು ದಿನದ ಕೆಲಸ 10 ಗಂಟೆ ದಾಟಬಾರದು ಎಂಬುದೂ ನೆನಪಿರಲಿ. ಅಡಿಕೆ ಸುಗ್ಗಿಯಲ್ಲಿ ದಾಟುವುದು ಬಹಳ ಸುಲಭ.

ಇನ್ನೊಂದು ರೂಢಿ ಇದಕ್ಕಿಂತ ಹೆಚ್ಚು ಹಬ್ಬಿದೆ: "ಮಧ್ಯಾಹ್ನ ಬಿಡುವು ಬೇಡ, ಬುತ್ತಿಯನ್ನು ಕೂತಲ್ಲೇ ಉಣ್ಣುತ್ತೇನೆ, ಐದಕ್ಕೆ ಬಿಡಿ." ಕೇಳಲಿಕ್ಕೆ ನ್ಯಾಯವಾಗಿದೆ, ಮಾಡಲಿಕ್ಕೆ ಬರುವುದಿಲ್ಲ. ಅದೇ ಕಾಯ್ದೆಯಂತೆ ನಾಲ್ಕು ಗಂಟೆಗಿಂತ ಹೆಚ್ಚು ಒಂದೇ ಸಮ ದುಡಿಸುವಂತಿಲ್ಲ, ಅಷ್ಟರೊಳಗೆ ಕಡಿಮೆಯೆಂದರೆ ಒಂದು ಗಂಟೆ ಬಿಡುವು ಕೊಡಬೇಕು. ನೌಕರರೇ ಬೇಡವೆಂದು ಸಹಿ ಹಾಕಿಕೊಟ್ಟರೂ ನೀವು ಪಾರಾಗುವುದಿಲ್ಲ. ನಿಮ್ಮ ಈಗಿನ ಹೊತ್ತು, 9ರಿಂದ 1, ಮತ್ತೆ 2ರಿಂದ 6, ಆ ಅಳತೆಗೆ ಕೂದಲಂಚಿನಲ್ಲಿ ಸರಿಯಾಗಿ ಕೂತಿದೆ. ಬಿಡುವು ತೆಗೆದರೆ ಮುರಿಯುತ್ತದೆ.

ಬೇಗ ಹೋಗುವುದು ಯಾರಿಗೆ ದಿನನಿತ್ಯದ ಅಗತ್ಯವೋ ಅವರಿಗೆ ಹೊತ್ತನ್ನೇ ಸರಿಸಿ. 8ರಿಂದ 12, ಒಂದು ಗಂಟೆ ಬಿಡುವು, ಮತ್ತೆ 1ರಿಂದ 5. ಎಂಟು ಗಂಟೆ ತುಂಬುತ್ತದೆ. ಬಿಡುವೂ ಸೇರಿ ಬಂದಲ್ಲಿಂದ ಹೊರಡುವ ತನಕ ಒಂಬತ್ತು ಗಂಟೆ, ಕಾಯ್ದೆಯ ಹತ್ತೂವರೆ ಗಂಟೆಯ ಮಿತಿಯೊಳಗೇ ಇದೆ. ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಪೆರ್ಲ, ಅಡ್ಕಸ್ಥಳ ದಾಟಿ ವಿಟ್ಲ ಕಡೆಗೆ ಹೋಗುವವರಿಗೆ, ಮುಳ್ಳೇರಿಯ, ಆದೂರಿನ ಒಳದಾರಿಯವರಿಗೆ ಒಂದು ಬಸ್ಸು ತಪ್ಪಿದರೆ ಮನೆ ಮುಟ್ಟುವಾಗ ಕತ್ತಲು. ಅವರು ದಿನಾ ಐದಕ್ಕೆ ಹೊರಡುವುದನ್ನು ದಿನಾ ಕೊಡುವ ಅನುಮತಿಯೆಂದು ನಡೆಸಿದರೆ ಇಬ್ಬರಿಗೂ ಅದು ಋಣದಂತೆ ಭಾರವಾಗುತ್ತದೆ. ಹೊತ್ತು ಬದಲಿಸಿ ಬರೆದಿಟ್ಟರೆ ಅದು ಬೇಗ ಹೋಗುವುದೇ ಅಲ್ಲ, ಅವರ ಹೊತ್ತಿಗೆ ಅವರು ಹೋಗುವುದು. ನಿಮಗೂ ಲಾಭವಿದೆ, ಬೆಳಿಗ್ಗೆ ಎಂಟಕ್ಕೇ ಬರುವ ಗಿರಾಕಿಗೆ ಬಾಗಿಲು ತೆರೆದಿರುತ್ತದೆ.

ಶುಕ್ರವಾರದ ಜುಮಾ ನಮಾಜಿಗೆ ಹೋಗುವವರಿಗೆ ಬಿಡುವನ್ನು 12.30ಕ್ಕೆ ಸರಿಸುವ ಕ್ರಮ ನಮ್ಮ ಕಡೆ ಇದೆ. ಅಲ್ಲೊಂದು ಸಣ್ಣ ತೊಡಕು: 9ರಿಂದ 12.30 ಆದರೆ, 1.30ರಿಂದ 6ರವರೆಗೆ ನಾಲ್ಕೂವರೆ ಗಂಟೆ ಒಂದೇ ಸಮ ಆಗುತ್ತದೆ. ಆ ದಿನ ಅವರಿಗೆ 8.30ರಿಂದ 5.30 ಎಂದು ಬರೆದರೆ ಎರಡೂ ಬದಿ ನಾಲ್ಕು ಗಂಟೆಗೆ ಸರಿಹೋಗುತ್ತದೆ. ರಂಜಾನಿನ ತಿಂಗಳಲ್ಲಿ ಮಗ್ರಿಬಿಗೆ (ಸೂರ್ಯಾಸ್ತದ ನಮಾಜು) ಮೊದಲು ಮನೆ ಮುಟ್ಟಬೇಕಾದವರಿಗೆ 8ರಿಂದ 5ರ ಹೊತ್ತನ್ನು ಇಡೀ ತಿಂಗಳಿಗೆ ಕೊಡಿ. ಉಪವಾಸವೆಂದು ಬಿಡುವಿನ ಗಂಟೆ ತೆಗೆಯಬೇಡಿ, ಅದು ವಿಶ್ರಾಂತಿಯ ಹೊತ್ತು. ಮನೆಯ ದೈವದ ನೇಮ, ಕೋಲ, ಊರಿನ ಜಾತ್ರೆ, ರಾತ್ರಿಯ ಯಕ್ಷಗಾನದ ಆಟಕ್ಕೆ ಹೋಗುವವರಿಗೆ ಮೇಲೆ ಹೇಳಿದ 120 ನಿಮಿಷದ ಖಾತೆ ಸಾಕು. ಒಬ್ಬರ ಹಬ್ಬಕ್ಕೆ ಹೊತ್ತು ಸರಿಸಿ ಇನ್ನೊಬ್ಬರ ನೇಮಕ್ಕೆ ಮುಖ ತಿರುಗಿಸಿದರೆ ಕಾಸರಗೋಡಿನಂಥ ಊರಿನಲ್ಲಿ ಆ ಮಾತು ಸಂಜೆಯೊಳಗೆ ಪೇಟೆ ತುಂಬುತ್ತದೆ.

ಲೆಕ್ಕದವರ ಮಗುವಿನ ವಯಸ್ಸು ನೀವು ಬರೆದಿಲ್ಲ. 15 ತಿಂಗಳು ತುಂಬಿರದಿದ್ದರೆ ಅಲ್ಲಿ ಅನುಮತಿಯ ಪ್ರಶ್ನೆಯೇ ಏಳುವುದಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆ ಹತ್ತು ಮತ್ತು ಹೆಚ್ಚು ಮಂದಿ ಇರುವ ಅಂಗಡಿಗಳಿಗೆ ಅನ್ವಯಿಸುತ್ತಿತ್ತು. ಆ ಹಕ್ಕು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಮಾಮೂಲು ಬಿಡುವಿನ ಹೊರತಾಗಿ ದಿನಕ್ಕೆ ಎರಡು ಸಲ ಮಗುವಿಗೆ ಹಾಲೂಡಿಸುವ ಬಿಡುವು ಅವರ ಹಕ್ಕು. ಅದಕ್ಕೆ ಸಂಬಳ ಹಿಡಿಯುವಂತಿಲ್ಲ, ನಿಮಿಷದ ಖಾತೆಯಿಂದಲೂ ಕಳೆಯುವಂತಿಲ್ಲ.

ಮಗು ದೊಡ್ಡದಾಗಿದ್ದರೂ ಅವರ ಎರಡನೆಯ ಮಾತು ಉಳಿಯುತ್ತದೆ: ಎಲ್ಲರೆದುರು ಯಾಕೆ ಹೇಳಬೇಕು? ಹೇಳಬೇಕಾಗಿಲ್ಲ. ನಿಮಿಷದ ಖಾತೆಯೊಳಗೆ ಹೋಗುವವರನ್ನು ಕಾರಣ ಕೇಳಬೇಡಿ. ಕಾರಣ ಕೇಳಿದ ಕೂಡಲೇ ನೀವು ಕಾರಣಗಳಿಗೆ ಬೆಲೆ ಕಟ್ಟಲು ಶುರು ಮಾಡುತ್ತೀರಿ, ಆಸ್ಪತ್ರೆಯಾದರೆ ಸರಿ, ತವರಿಗಾದರೆ ಯಾಕೆ, ಆಟ ನೋಡಲಿಕ್ಕಾದರೆ ಬೇಡ ಎಂದು. ಆಗ ಜನ ಸುಳ್ಳು ಹೇಳಲು ಕಲಿಯುತ್ತಾರೆ. ಹೆಣ್ಣುಮಕ್ಕಳಿಗಂತೂ ಕೆಲವು ಕಾರಣಗಳನ್ನು ಗಂಡಸರೆದುರು ಹೇಳುವುದೇ ಹಿಂಸೆ. ನಿಮಗೆ ಬೇಕಾದದ್ದು ಎರಡೇ ಸಂಗತಿ, ಎಷ್ಟು ಹೊತ್ತಿಗೆ ಹೊರಡುತ್ತಾರೆ ಮತ್ತು ಕೈಯಲ್ಲಿದ್ದ ಕೆಲಸ ಎಲ್ಲಿಗೆ ನಿಂತಿದೆ.

ಅದಕ್ಕೊಂದು ಪುಸ್ತಕ ಇಡಿ, ನೂರು ಪುಟದ ಸಾದಾ ನೋಟ್‌ಬುಕ್ ಸಾಕು. ತಾರೀಕು, ಹೆಸರು, ಹೊರಟ ಹೊತ್ತು, ಎಷ್ಟು ನಿಮಿಷ, ಕೆಲಸ ಯಾರಿಗೆ ಒಪ್ಪಿಸಿದ್ದು, ಸಹಿ ಎಂದು ಆರು ಕಾಲಂ ಎಳೆಯಿರಿ. ಕಾರಣದ ಕಾಲಂ ಎಳೆಯಬೇಡಿ. ಬರೆಯುವವರು ಹೊರಡುವವರೇ ಆಗಿರಲಿ. ಪುಸ್ತಕದ ಹತ್ತಿರ ಬರಲಾಗದ ದಿನ ವಾಟ್ಸಾಪಿನಲ್ಲಿ ಹಾಕಲಿ: "ಇಂದು 5.10ಕ್ಕೆ ಹೊರಡುತ್ತೇನೆ. ಬಿಲ್ಲು 4.50ರ ತನಕ ಏರಿಸಿದ್ದೇನೆ, ಮೂರು ಬಾಕಿ, ಮೇಜಿನ ಎಡಗಡೆ ಇವೆ." ಇಷ್ಟು ಸಾಕು. ಮರುದಿನ ಪುಸ್ತಕಕ್ಕೆ ಏರಿಸಿದರಾಯಿತು.

ಕಾಯುವ ಕೆಲಸದವರದ್ದು ಇಷ್ಟು ಸುಲಭವಲ್ಲ. ಅವರು ಕಡಿಮೆಯೆಂದರೆ ಒಂದು ಗಂಟೆ ಮೊದಲು ಕೇಳಬೇಕು, ಯಾಕೆಂದರೆ ಒಪ್ಪಿಸುವುದಕ್ಕೇ ಹೊತ್ತು ಬೇಕು. ಕ್ಯಾಷ್ ಆದರೆ ನೋಟುಗಳನ್ನು ಮುಖಬೆಲೆಯಂತೆ ಎಣಿಸಿ ಬರೆಯಬೇಕು, ಚಿಲ್ಲರೆ ಬೇರೆ, ಫೋನಿನಲ್ಲಿ ಬಂದ ಹಣದ ಮೊತ್ತ ಬೇರೆ, ಬಾಕಿ ಚೀಟಿಗಳು ಬೇರೆ. ಕೊಟ್ಟವರು, ಪಡೆದವರು ಇಬ್ಬರೂ ಸಹಿ ಹಾಕಬೇಕು. ಹತ್ತು ಹದಿನೈದು ನಿಮಿಷದ ಕೆಲಸ. ಇದನ್ನು ತಪ್ಪಿಸಿದ ದಿನವೇ ಐನೂರು ರೂಪಾಯಿ ಕಡಿಮೆ ಬರುವುದು. ಆಗ ಇಬ್ಬರು ಒಳ್ಳೆಯವರ ನಡುವೆ ಸಂಶಯ ಹುಟ್ಟುತ್ತದೆ. ಕೀಲಿಯನ್ನು ಕೈಯಿಂದ ಕೈಗೇ ಕೊಡಬೇಕು. ಡ್ರಾಯರಿನಲ್ಲಿಟ್ಟು "ಅಲ್ಲಿದೆ ನೋಡಿ" ಎಂದು ಹೋಗುವುದನ್ನು ಪೂರ್ತಿ ನಿಲ್ಲಿಸಿ.

ನೀವು ಕೆಲಸದ ಮೇಲೆ ಮಂಗಳೂರಿಗೆ ಹೋದ ದಿನ ಯಾರನ್ನು ಕೇಳಬೇಕು? ಇನ್ನೊಬ್ಬರ ಹೆಸರನ್ನು ನಿಯಮದಲ್ಲೇ ಬರೆದಿಡಿ. ಕೇಳಿದವರಿಗೆ ಅರ್ಧ ಗಂಟೆಯೊಳಗೆ ಹೌದು, ಇಲ್ಲ ಎಂದು ಉತ್ತರ ಸಿಗಬೇಕು. ಇಲ್ಲ ಎನ್ನುವುದಾದರೆ ಯಾಕೆಂದು ಒಂದು ಮಾತು ನೀವು ಹೇಳಬೇಕು, ಕಾರಣ ಹೇಳುವ ಹೊಣೆ ಈಗ ನಿಮ್ಮದು. ಒಂದೇ ಜಾಗದ ಇಬ್ಬರು ಒಂದೇ ದಿನ ಕೇಳಿದರೆ ಮೊದಲು ಕೇಳಿದವರಿಗೆ ಸಿಗಲಿ. ನಿಮ್ಮ ಸಂಬಂಧಿಕರು ಯಾರಾದರೂ ಅಂಗಡಿಯಲ್ಲಿದ್ದರೆ ಅವರ ಹೆಸರೂ ಪುಸ್ತಕದಲ್ಲಿ ಕಾಣಬೇಕು. ಅಳಿಯನೋ ತಮ್ಮನ ಮಗನೋ ಬರೆಯದೆ ಹೋಗುವುದು ಕಂಡ ಮೇಲೆ ಉಳಿದವರು ಆ ಪುಸ್ತಕವನ್ನು ಮುಟ್ಟುವುದಿಲ್ಲ.

ಜ್ವರ, ತಲೆಸುತ್ತು, ಮನೆಯಿಂದ ಅವಸರದ ಕರೆ, ಮಗು ಬಿದ್ದ ಸುದ್ದಿ, ಇಂಥವಕ್ಕೆ ಯಾರೂ ಕೇಳಬೇಕಾಗಿಲ್ಲ, ಕ್ಯಾಷಿನವರೂ ಸೇರಿ. ಪಕ್ಕದವರಿಗೆ ಹೇಳಿ ಹೊರಡಲಿ, ಫೋನು ಮತ್ತೆ ಮಾಡಲಿ. ದೊಡ್ಡ ಕಾಯಿಲೆಗೆ ನಮ್ಮವರು ಓಡುವುದು 50 ಕಿಲೋಮೀಟರು ದೂರದ ಮಂಗಳೂರಿಗೆ. ರಾಜ್ಯದ ಗಡಿ ತಲಪಾಡಿ ದಾಟುವ ಮೊದಲು ಮಾಲೀಕರ ಒಪ್ಪಿಗೆಗೆ ಕಾಯುವ ಸ್ಥಿತಿ ಯಾರಿಗೂ ಬರಬಾರದು. ಮಳೆಗಾಲದಲ್ಲಿ ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಸಾರಿದ ದಿನ ಮಕ್ಕಳಿರುವವರು ಹೇಳಿ ಹೋಗಲಿ. ಆ ನಿಮಿಷಗಳನ್ನು ಖಾತೆಯಲ್ಲಿ ಎಣಿಸದಿದ್ದರೆ ನಿಮ್ಮ ಬಗ್ಗೆ ಗೌರವ ಹೆಚ್ಚುತ್ತದೆ.

ಹೇಳದೆ ಹೋಗುವುದನ್ನು ಮಾತ್ರ ಯಾಕೆ ಇಷ್ಟು ಕಟ್ಟುನಿಟ್ಟಾಗಿ ತಡೆಯಬೇಕು? ಶಿಸ್ತಿಗಾಗಿ ಎಂದು ಎಲ್ಲರೂ ಹೇಳುತ್ತಾರೆ. ಶಿಸ್ತಿಗಿಂತ ದೊಡ್ಡ ಕಾರಣ ನೌಕರರ ಜೀವದ್ದು. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಗೆ ಬರುತ್ತಾರೆ. ಹತ್ತು ಮಂದಿ ದಾಟಿದ ನಿಮ್ಮ ಅಂಗಡಿಗೂ ಅದು ಅನ್ವಯಿಸುತ್ತದೆ. 2010ರಲ್ಲಿ ಇಎಸ್‌ಐ ಕಾಯ್ದೆಗೆ ಸೇರಿಸಿದ 51ಇ ಸೆಕ್ಷನ್ ಪ್ರಕಾರ ಮನೆಯಿಂದ ಕೆಲಸಕ್ಕೆ ಬರುವಾಗ, ಕೆಲಸ ಮುಗಿಸಿ ಮನೆಗೆ ಹೋಗುವಾಗ ಆದ ಅಪಘಾತವೂ ಕೆಲಸದ ಅಪಘಾತವೇ. ಹೊತ್ತು, ಜಾಗ, ಸಂದರ್ಭ ಇವಕ್ಕೂ ಕೆಲಸಕ್ಕೂ ಸಂಬಂಧ ಕೂಡಬೇಕು, ಅಷ್ಟೇ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ರಕ್ಷಣೆ ಉಳಿದಿದೆ. ಹಲವು ಅಂಗಡಿಗಳಲ್ಲಿ ಬೆಳಿಗ್ಗೆ ಹಾಜರಿ ಹಾಕುವಾಗಲೇ ಹೊರಡುವ ಹೊತ್ತು "6.00" ಎಂದು ಬರೆದಿಡುತ್ತಾರೆ. ಒಬ್ಬರು ಹೇಳದೆ ಐದಕ್ಕೆ ಹೊರಟು, 5.10ಕ್ಕೆ ಸೀತಾಂಗೋಳಿಯ ತಿರುವಿನಲ್ಲಿ ಸ್ಕೂಟರಿನಿಂದ ಬಿದ್ದರೆ ಆಸ್ಪತ್ರೆಯ ಚೀಟಿ 5.30 ಎನ್ನುತ್ತದೆ, ನಿಮ್ಮ ಹಾಜರಿ ಪುಸ್ತಕ ಆರರ ತನಕ ಅಂಗಡಿಯಲ್ಲೇ ಇದ್ದರೆನ್ನುತ್ತದೆ. ಆ ಒಂದು ವಿರೋಧದಿಂದ ಪರಿಹಾರದ ಕಡತ ತಿಂಗಳುಗಟ್ಟಲೆ ನಿಲ್ಲಬಹುದು, ಸುಳ್ಳು ದಾಖಲೆಯ ಹೊಣೆ ನಿಮ್ಮ ತಲೆಗೂ ಬರಬಹುದು. "5.00, ಹೇಳಿ ಹೋಗಿದ್ದಾರೆ" ಎಂಬ ಒಂದು ಸಾಲು ಇದ್ದರೆ ಕೆಲಸ ಮುಗಿಸಿ ಮನೆದಾರಿ ಹಿಡಿದದ್ದು ದಾಖಲೆಯಾಯಿತು. ಈ ಮಾತನ್ನು ನೌಕರರಿಗೆ ಕೂರಿಸಿ ವಿವರಿಸಿ. ಬೋರ್ಡಿಗೆ ತಲೆ ಬಾಗದವರೂ ಇದನ್ನು ಕೇಳಿದ ಮೇಲೆ ಪುಸ್ತಕಕ್ಕೆ ಸಹಿ ಹಾಕುತ್ತಾರೆ.

ಇಷ್ಟಾದರೂ ಹೇಳದೆ ಹೋಗುವವರು ಒಬ್ಬಿಬ್ಬರು ಉಳಿಯಬಹುದು. ಮೊದಲ ಸಲವಾದರೆ ಮರುದಿನ ಕರೆದು ಅವರಿಂದಲೇ ಪುಸ್ತಕದಲ್ಲಿ ಬರೆಸಿ, ಬೇರೆ ಮಾತು ಬೇಡ. ಒಂದೇ ತಿಂಗಳಲ್ಲಿ ಮೂರು ಸಲವಾದರೆ ಅವರು ಓದಬಲ್ಲ ಭಾಷೆಯಲ್ಲಿ, ಕನ್ನಡವೋ ಮಲಯಾಳವೋ, ಮೆಮೋ ಕೊಟ್ಟು ಉತ್ತರಕ್ಕೆ ಮೂರು ದಿನ ಕೊಡಿ. ತಾರೀಕು, ಹೊತ್ತು ಬರೆಯಿರಿ. "ನೀವು ಯಾವಾಗಲೂ ಹೀಗೆಯೇ" ಎಂಬಂಥ ಮಾತು ಬೇಡ. ಬೇಗ ಹೋದ ಸಿಟ್ಟಿಗೆ "ನಾಳೆಯಿಂದ ಬರಬೇಡಿ" ಎಂದು ಹೇಳಿಬಿಡಬೇಡಿ. ಆರು ತಿಂಗಳು ಸತತ ದುಡಿದವರನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸು ಅಥವಾ ಅಷ್ಟು ಸಂಬಳ ಕೊಡದೆ ತೆಗೆಯಲು ಕೇರಳದ ಅಂಗಡಿ ಕಾಯ್ದೆ ಬಿಡುವುದಿಲ್ಲ. ದುರ್ನಡತೆ ಎನ್ನುವುದಾದರೆ ವಿಚಾರಣೆ ಮಾಡಿ ತೋರಿಸಬೇಕು. ವಿದ್ಯಾನಗರದ ಸಿವಿಲ್ ಸ್ಟೇಷನ್ನಿನ ಲೇಬರ್ ಆಫೀಸಿಗೆ ದೂರು ಹೋದರೆ ಅಲ್ಲಿ ಮೊದಲು ಕೇಳುವುದು ಹಾಜರಿ ಪುಸ್ತಕ, ಸಂಬಳದ ಪುಸ್ತಕ ಮತ್ತು ಮೆಮೋದ ಪ್ರತಿ.

ಕಾನೂನಿನಲ್ಲಿ ಒಂದು ಕಡೆ ಮಾತ್ರ ಹೊತ್ತಿಗಿಂತ ಹೆಚ್ಚು ಹಿಡಿಯುವ ಅವಕಾಶವಿದೆ: ಹತ್ತು ಅಥವಾ ಹೆಚ್ಚು ಮಂದಿ ಮಾತಾಡಿಕೊಂಡು, ನೋಟಿಸಿಲ್ಲದೆ, ಸರಿಯಾದ ಕಾರಣವಿಲ್ಲದೆ ಒಟ್ಟಿಗೆ ಕೆಲಸ ಬಿಟ್ಟರೆ ಎಂಟು ದಿನದ ಸಂಬಳದ ತನಕ. ಅದಕ್ಕೂ ಕೆಲಸದ ಕರಾರಿನಲ್ಲಿ ನೋಟಿಸಿನ ಷರತ್ತು ಮೊದಲೇ ಇರಬೇಕು. ಇದನ್ನು ಎಲ್ಲಿಂದಲೋ ಕೇಳಿ ಬಂದು ಒಬ್ಬರ ಮೇಲೆ ಪ್ರಯೋಗಿಸುವವರಿದ್ದಾರೆ, ಅದು ನಿಲ್ಲುವುದಿಲ್ಲ.

ಲೋಡಿಂಗಿನವರ ವಿಷಯ ಬೇರೆ. 1978ರ ಕೇರಳ ಹೆಡ್‌ಲೋಡ್ (ತಲೆಹೊರೆ) ಕಾರ್ಮಿಕರ ಕಾಯ್ದೆಯ ಸ್ಕೀಮ್ ಇರುವಲ್ಲಿ ಪೂಲ್‌ನಿಂದ (ಹೊರೆಯಾಳುಗಳ ನೋಂದಾಯಿತ ಗುಂಪಿನಿಂದ) ಬರುವವರು ನಿಮ್ಮ 14ರೊಳಗಿನವರಲ್ಲ, ಅವರನ್ನು ನಿಮ್ಮ ಪುಸ್ತಕಕ್ಕೆ ಸೇರಿಸಬೇಡಿ. ಕಿಲೋ ಲೆಕ್ಕದಲ್ಲಿ ಅಡಿಕೆ ಆರಿಸುವವರಿಗೆ ಸಂಬಳ ಹಿಡಿಯುವ ಪ್ರಶ್ನೆ ಬರುವುದಿಲ್ಲ, ಮಾಡಿದಷ್ಟಕ್ಕೆ ಹಣ. ಆದರೂ ಹೊರಟ ಹೊತ್ತನ್ನು ಬರೆಯಬೇಕು. ಮತದಾನದ ದಿನವೂ ಹಾಗೆಯೇ ಬೇರೆ ಲೆಕ್ಕ: ಲೋಕಸಭೆ, ವಿಧಾನಸಭೆ ಚುನಾವಣೆಯಲ್ಲಿ ಮತವಿರುವವರಿಗೆ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 135ಬಿ ಸೆಕ್ಷನ್ ಪೂರ್ತಿ ಸಂಬಳದ ರಜೆ ಕೊಡುತ್ತದೆ. ವಿಟ್ಲ, ಪುತ್ತೂರು ಕಡೆಯ ಮತದಾರರು ನಿಮ್ಮಲ್ಲಿದ್ದರೆ ಕರ್ನಾಟಕದ ಮತದಾನದ ದಿನ ಅವರಿಗೆ ಆ ರಜೆ ಸಲ್ಲಬೇಕು.

ಈಗಿನ ಬೋರ್ಡ್ ತೆಗೆದು, ಒಂದು ಹಾಳೆಯಲ್ಲಿ ಕನ್ನಡ ಒಂದು ಬದಿ, ಮಲಯಾಳ ಒಂದು ಬದಿ ಹೀಗೆ ಬರೆದು ಹಾಕಿ:

"ಕ್ಯಾಷ್, ತೂಕ, ಔಷಧ ಕೌಂಟರ್, ಗೋದಾಮಿನ ಕೀಲಿ, ಈ ನಾಲ್ಕು ಜಾಗದಲ್ಲಿರುವವರು ಬೇಗ ಹೋಗಬೇಕಾದರೆ ಒಂದು ಗಂಟೆ ಮೊದಲು ಕೇಳಿ, ಜಾಗ ಒಪ್ಪಿಸಿ ಹೋಗಬೇಕು. ಉಳಿದವರು ಹೇಳಿ, ಪುಸ್ತಕದಲ್ಲಿ ಬರೆದು ಹೋಗಬಹುದು. ತಿಂಗಳಿಗೆ 120 ನಿಮಿಷದ ತನಕ, ದಿನಕ್ಕೆ 60 ನಿಮಿಷ ಮೀರದಂತೆ ಹೋದರೆ ಎಲ್ಲರಿಗೂ ಸಂಬಳ ಕಡಿತವಿಲ್ಲ. ಮೀರಿದ ಹೊತ್ತಿಗೆ ಅಷ್ಟೇ ಹೊತ್ತಿನ ಸಂಬಳ ಹಿಡಿಯಲಾಗುವುದು. 6ರ ನಂತರ ನಿಲ್ಲಿಸಿಕೊಂಡರೆ ಎರಡು ಪಟ್ಟು ಕೂಲಿ. ಆರೋಗ್ಯ, ಅವಸರದ ಸಂದರ್ಭದಲ್ಲಿ ಹೇಳಿದರೆ ಸಾಕು. ಕಾರಣ ಹೇಳುವ ಅಗತ್ಯವಿಲ್ಲ."

8ರಿಂದ 5ರ ಹೊತ್ತಿನವರಿಗೆ ಓಟಿ ಐದರ ಮೇಲೆಯೇ ಶುರುವಾಗುತ್ತದೆ, ಅವರ ಹೆಸರಿನ ಕೆಳಗೆ ಹಾಗೆಂದು ಬೇರೆಯಾಗಿ ಬರೆಯಿರಿ. ಹಾಕುವ ಮೊದಲು ಹದಿನಾಲ್ಕೂ ಮಂದಿಯನ್ನು ಕೂರಿಸಿ ಓದಿ ಹೇಳಿ, ಅವರ ಮಾತು ಕೇಳಿ. 120 ಸಾಲದು ಎಂದರೆ 150 ಮಾಡಿ ನೋಡಿ, ಮೂರು ತಿಂಗಳ ಪುಸ್ತಕ ತೆರೆದಾಗ ಯಾವುದು ಸರಿ ಎಂದು ಕಾಣುತ್ತದೆ. ತಿಂಗಳ ಮೊದಲ ತಾರೀಕಿನಿಂದ ಶುರು ಮಾಡಿ, ನಡು ತಿಂಗಳಲ್ಲಿ ಬೇಡ, ನಿಮಿಷದ ಲೆಕ್ಕ ಕಲಸಿಹೋಗುತ್ತದೆ.

ಲೆಕ್ಕದವರ 281 ರೂಪಾಯಿ 25 ಪೈಸೆಯನ್ನು ಮುಂದಿನ ಸಂಬಳದ ಜೊತೆ, 7ನೇ ತಾರೀಕಿನೊಳಗೆ ಕೊಟ್ಟುಬಿಡಿ. ಸಂಬಳದ ಪುಸ್ತಕದಲ್ಲಿ "ಕಳೆದ ತಿಂಗಳ ಹೆಚ್ಚುವರಿ ಕಡಿತ ವಾಪಸು" ಎಂದು ಬೇರೆ ಸಾಲಿನಲ್ಲಿ ಬರೆಯಿರಿ. ಬೇರೆ ಯಾರದ್ದಾದರೂ ಹೀಗೆ ಹಿಡಿದಿದ್ದರೆ ಅವರದ್ದನ್ನೂ ಅದೇ ದಿನ ಕೊಡಿ. ಹಣ ಕೊಡುವಾಗ "ಲೆಕ್ಕ ತಪ್ಪಾಗಿತ್ತು" ಎಂದು ಅವರಿಗೆ ನೀವೇ ಹೇಳಿ, ಬೇರೆಯವರ ಕೈಯಲ್ಲಿ ಕಳಿಸಬೇಡಿ.